ಕಾಗದ ಹುಡುಕುವ ಹೊತ್ತು

2025ರ ಮಾರ್ಚ್ ಕೊನೆಯ ಒಂದು ಭಾನುವಾರ. ಊಟ ಮುಗಿಸಿ, ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಲೋ ಬೇಡವೋ ಎಂದು ಅದರ ಮುಖ ನೋಡುತ್ತ ಕುಳಿತಿದ್ದೆ. ಅಷ್ಟರಲ್ಲಿ ಕೋಪನ್‌ಹೇಗನ್ನಿನಿಂದ ಅಕ್ಕನ ಮಗಳ ಫೋನು ಬಂತು. ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಚಳಿ, ಮನೆಬಾಡಿಗೆ, ಸಿಕ್ಕದ ಕರಿಬೇವು, ಇವುಗಳ ವರದಿಯೆಲ್ಲ ಮುಗಿದ ಮೇಲೆ, “ಮಾವ, ಇಲ್ಲೊಂದು ತಮಾಷೆ. ಅಂಗಡೀಲಿ ಬೆಲೆಚೀಟಿ ಮೇಲೆ ಕರೀ ನಕ್ಷತ್ರ ಹಾಕ್ತಿದಾರೆ” ಎಂದಳು.

“ಯಾಕಮ್ಮ, ಗ್ರಹಚಾರ ನೋಡೋದಕ್ಕಾ?”

“ಅಲ್ಲ ಮಾವ. ನಕ್ಷತ್ರ ಇದ್ದರೆ ಆ ಸಾಮಾನು ಯೂರೋಪಿನ ಕಂಪನೀದು ಅಂತ. ಅಮೆರಿಕದ್ದು ಬೇಡ ಅನ್ನೋರಿಗೆ ಗೊತ್ತಾಗಲಿ ಅಂತ. ಅಮೆರಿಕದ ಸಾಮಾನೂ ಪಕ್ಕದಲ್ಲೇ ಇದೆ, ಅದನ್ನೇನೂ ತೆಗೆದಿಲ್ಲ. ಯಾರೂ ಏನೂ ಹೇಳೋದಿಲ್ಲ. ಸುಮ್ಮನೆ ಚೀಟಿ ನೋಡ್ತಾರೆ, ನಕ್ಷತ್ರ ಇದ್ದದ್ದನ್ನ ತಗೋತಾರೆ.”

ಅವಳ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸಿದ್ದಾರೆ. ಅವರ ಅಣ್ಣ ಚಿಕ್ಕಂದಿನಲ್ಲೇ ಅಮೆರಿಕದ ಅಯೋವಾಕ್ಕೆ ಹೋಗಿ ನೆಲೆಸಿದವರು. ಈಕೆ ಪ್ರತಿವರ್ಷ ಜುಲೈ 4ಕ್ಕೆ ರೆಬಿಲ್ಡ್ ಎಂಬ ಗುಡ್ಡಗಾಡಿಗೆ ಹೋಗಿಬರುವರಂತೆ. ಅಲ್ಲಿ ಡೆನ್ಮಾರ್ಕಿನವರು ಅಮೆರಿಕದ ಸ್ವಾತಂತ್ರ್ಯ ದಿನವನ್ನು ಆಚರಿಸುತ್ತಾರೆ. 1912ರಿಂದ, ಯುದ್ಧಕಾಲದಂಥ ವರ್ಷಗಳನ್ನು ಬಿಟ್ಟರೆ, ನಡೆದುಬಂದ ಪದ್ಧತಿ. ವಲಸೆ ಹೋದ ಡೇನರು ಹಣ ಕೂಡಿಸಿ ಆ ಗುಡ್ಡದ ನೆಲವನ್ನು ಕೊಂಡು ತಾಯ್ನಾಡಿಗೆ ಕೊಟ್ಟರು. ಬೇರೊಂದು ದೇಶದ ಸ್ವಾತಂತ್ರ್ಯ ದಿನಕ್ಕೆ ಜಾತ್ರೆ ಸೇರುವ ಜನ ಲೋಕದಲ್ಲಿ ಇನ್ನೆಲ್ಲಾದರೂ ಉಂಟೋ ಇಲ್ಲವೋ, ನಾನು ಕೇಳಿಲ್ಲ. “ಈ ವರ್ಷ ಹೋಗೋದಿಲ್ಲ ಅಂದರು ಮಾವ. ಸಿಟ್ಟಿನಿಂದ ಹೇಳಲಿಲ್ಲ. ಮಂಡಿನೋವು ಅನ್ನೋ ಹಾಗೆ ಹೇಳಿದರು” ಎಂದಳು ಹುಡುಗಿ.

ನಕ್ಷತ್ರದ ಗುರುತು ಕಂಡಲ್ಲಿ ಪುಟದ ಅಡಿಗೆ ಕಣ್ಣು ಹಾಯಿಸಿ ಟಿಪ್ಪಣಿ ಹುಡುಕುವುದು ನಮ್ಮಂಥ ಕನ್ನಡ ಪಂಡಿತರ ಚಾಳಿ. ಕೋಪನ್‌ಹೇಗನ್ನಿನ ಅಂಗಡಿಯ ಈ ನಕ್ಷತ್ರಕ್ಕೂ ಒಂದು ಅಡಿಟಿಪ್ಪಣಿ ಇರಲೇಬೇಕೆಂದು ನನಗನ್ನಿಸಿತು. ಉತ್ತರಪತ್ರಿಕೆಯ ಕಟ್ಟು ಹಾಗೇ ಉಳಿಯಿತು.

ಡೆನ್ಮಾರ್ಕು ನನ್ನ ಪಾಲಿಗೆ ತೀರ ಪರದೇಶವಲ್ಲ. ಎಂ.ಎ. ತರಗತಿಯಲ್ಲಿ ವ್ಯಾಕರಣ ಪರಂಪರೆಯ ಪಾಠ ಮಾಡುವಾಗ ಪ್ರತಿವರ್ಷ ಅದರ ನೆರಳಿನಲ್ಲಿ ಹಾದುಹೋಗುತ್ತೇನೆ. ವಿಲಿಯಂ ಕೇರಿಯ ಕರ್ಣಾಟಕ ಭಾಷಾವ್ಯಾಕರಣ 1817ರಲ್ಲಿ ಅಚ್ಚಾದದ್ದು ಬಂಗಾಳದ ಶ್ರೀರಾಮಪುರದಲ್ಲಿ. ಹೂಗ್ಲಿ ನದಿಯ ದಂಡೆಯ ಆ ಊರು ಆಗ ಇಂಗ್ಲಿಷರದ್ದಲ್ಲ, ಡೆನ್ಮಾರ್ಕಿನ ದೊರೆಯದು. ಕುಂಪಣಿ ಸರ್ಕಾರ ಪಾದ್ರಿಗಳನ್ನು ಬಿಟ್ಟುಕೊಳ್ಳಲು ಒಲ್ಲೆನೆಂದಾಗ ಅವರು ಡೇನರ ಬಾವುಟದ ಆಸರೆ ಹಿಡಿದರು. ನಮ್ಮ ನುಡಿಗೊಂದು ವ್ಯಾಕರಣ ಅಚ್ಚಿನಲ್ಲಿ ಬಂದದ್ದಕ್ಕೆ ಆ ಪುಟ್ಟ ದೇಶದ ಋಣ ಒಂದು ಕೂದಲೆಳೆಯಷ್ಟಾದರೂ ಇದೆ.

1845ರಲ್ಲಿ ಡೆನ್ಮಾರ್ಕು ಶ್ರೀರಾಮಪುರವನ್ನೂ ತಮಿಳುನಾಡಿನ ತರಂಗಂಬಾಡಿಯನ್ನೂ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿತು. 1917ರಲ್ಲಿ ಕೆರಿಬಿಯನ್ ಸಮುದ್ರದ ತನ್ನ ದ್ವೀಪಗಳನ್ನು ಎರಡೂವರೆ ಕೋಟಿ ಡಾಲರಿನ ಚಿನ್ನಕ್ಕೆ ಅಮೆರಿಕಕ್ಕೆ ಕೊಟ್ಟಿತು. ಆ ಎರಡನೆಯ ಮಾರಾಟ ಪೂರಾ ಖುಷಿಯದೇನಲ್ಲ. ಕೊಡದಿದ್ದರೆ ನಾವೇ ಹಿಡಿಯಬೇಕಾದೀತು ಎಂಬ ಸೂಚನೆಯೂ ವಾಷಿಂಗ್ಟನ್ನಿನಿಂದ ಬಂದಿತ್ತು. ಆದರೆ ಅದೇ ವ್ಯವಹಾರದಲ್ಲಿ, ಗ್ರೀನ್‌ಲೆಂಡ್ ಇಡಿಯಾಗಿ ಡೆನ್ಮಾರ್ಕಿನ ಆಡಳಿತಕ್ಕೆ ಬರುವುದಕ್ಕೆ ತನ್ನ ಆಕ್ಷೇಪಣೆಯಿಲ್ಲ ಎಂದು ಅಮೆರಿಕ ಬರೆದುಕೊಟ್ಟಿತು. ಓದುಗರು ಈ ಒಂದು ಕಾಗದವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಗ್ರೀನ್‌ಲೆಂಡ್ ಎಂದರೆ ಹೆಸರಿನಲ್ಲಿ ಮಾತ್ರ ಹಸುರು. ನಮ್ಮ ಕರ್ನಾಟಕದಂಥ ಹನ್ನೊಂದು ರಾಜ್ಯಗಳು ಹಿಡಿಸುವಷ್ಟು ದೊಡ್ಡ ನೆಲ. ಅದರ ಐದರಲ್ಲಿ ನಾಲ್ಕು ಪಾಲು ಹಿಮದ ಹಾಸು. ಜನ ಐವತ್ತೇಳು ಸಾವಿರದ ಆಸುಪಾಸು. ನಮ್ಮ ಒಂದು ತಾಲ್ಲೂಕು ಕೇಂದ್ರದಲ್ಲಿ ಅಷ್ಟು ಜನ ಇದ್ದಾರು. ರಷ್ಯಕ್ಕೂ ಅಮೆರಿಕಕ್ಕೂ ನಡುವಿನ ಹತ್ತಿರದ ಆಕಾಶಮಾರ್ಗ ಆ ಹಿಮದ ಮೇಲೆ ಹಾಯುತ್ತದೆ. ದೊಡ್ಡವರ ಕಣ್ಣು ಅದರ ಮೇಲೆ ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಈಗ ಒಬ್ಬ ಮನುಷ್ಯನ ಕಥೆ ಹೇಳಬೇಕು. 1940ರ ಏಪ್ರಿಲ್ 9ರ ಬೆಳಗಿನ ಜಾವ ಹಿಟ್ಲರನ ಸೈನ್ಯ ಡೆನ್ಮಾರ್ಕಿಗೆ ನುಗ್ಗಿತು. ಕೆಲವೇ ಗಂಟೆಗಳಲ್ಲಿ ದೇಶ ಶರಣಾಯಿತು. ಹೆನ್ರಿಕ್ ಕೌಫ್‌ಮನ್ ಎಂಬಾತ ಆಗ ವಾಷಿಂಗ್ಟನ್ನಿನಲ್ಲಿ ಡೆನ್ಮಾರ್ಕಿನ ರಾಯಭಾರಿ. ಜರ್ಮನರ ಹಿಡಿತದಲ್ಲಿರುವ ಕೋಪನ್‌ಹೇಗನ್ನಿನಿಂದ ಬರುವ ಆಜ್ಞೆಗಳು ಸ್ವತಂತ್ರ ಸರ್ಕಾರದ ಆಜ್ಞೆಗಳಲ್ಲ, ಅವಕ್ಕೆ ತಾನು ಬದ್ಧನಲ್ಲ ಎಂದು ಆತ ಹೇಳಿಬಿಟ್ಟ. ಸರಿಯಾಗಿ ಒಂದು ವರ್ಷಕ್ಕೆ, 1941ರ ಏಪ್ರಿಲ್ 9ರಂದು, ದೊರೆಯ ಹೆಸರಿನಲ್ಲಿ ಅಮೆರಿಕದೊಡನೆ ಒಂದು ಕರಾರಿಗೆ ಅಂಕಿತ ಹಾಕಿದ: ಗ್ರೀನ್‌ಲೆಂಡಿನಲ್ಲಿ ಅಮೆರಿಕ ವಿಮಾನನೆಲೆ ಕಟ್ಟಬಹುದು, ನೆಲದ ಒಡೆತನ ಮಾತ್ರ ಡೆನ್ಮಾರ್ಕಿನದು. ಅಧಿಕಾರ ಕೊಟ್ಟವರು ಯಾರು? ಯಾರೂ ಇಲ್ಲ. ಕೋಪನ್‌ಹೇಗನ್ ಸರ್ಕಾರ ಅವನನ್ನು ಕೆಲಸದಿಂದ ವಜಾ ಮಾಡಿತು, ರಾಜದ್ರೋಹದ ಆಪಾದನೆ ಹೊರಿಸಿತು. ಅಮೆರಿಕ ಮಾತ್ರ ಅವನನ್ನೇ ರಾಯಭಾರಿಯೆಂದು ಮನ್ನಿಸಿತು. 1945ರ ಮೇ ತಿಂಗಳಲ್ಲಿ ದೇಶ ಬಿಡುಗಡೆಯಾದ ಮೇಲೆ ಡೆನ್ಮಾರ್ಕಿನ ಸಂಸತ್ತು ಆ ಕರಾರನ್ನು ಒಪ್ಪಿಕೊಂಡಿತು.

ಆ ಮನುಷ್ಯನ ಎದೆಗಾರಿಕೆಯನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಮುಂದೆ ಏನಾದೀತು ಎಂಬುದಕ್ಕೆ ಅವನ ಬಳಿ ಯಾವ ಜಾಮೀನೂ ಇರಲಿಲ್ಲ. ದೊಡ್ಡ ಸೈನ್ಯವೊಂದನ್ನು ತನ್ನ ದೇಶದ ನೆಲಕ್ಕೆ ಬರಮಾಡಿಕೊಂಡು, ಕೆಲಸ ಮುಗಿದ ಮೇಲೆ ಅವರು ನೆಲ ನಮ್ಮದೇ ಎನ್ನಲಾರರು ಎಂದು ನಂಬಿದ. ಬರಿಯ ನಂಬಿಕೆ.

ಯುದ್ಧ ಮುಗಿದ ಮರುವರ್ಷವೇ ಆ ನಂಬಿಕೆಗೆ ಮೊದಲ ಸಣ್ಣ ಪೆಟ್ಟು ಬಿತ್ತು. 1946ರ ಡಿಸೆಂಬರಿನಲ್ಲಿ ಟ್ರೂಮನ್ ಸರ್ಕಾರ ಹತ್ತು ಕೋಟಿ ಡಾಲರಿನ ಚಿನ್ನ ಕೊಡುತ್ತೇವೆ, ಗ್ರೀನ್‌ಲೆಂಡನ್ನು ನಮಗೇ ಬಿಟ್ಟುಕೊಡಿ ಎಂದು ಕೇಳಿತು. ಅಮೆರಿಕಕ್ಕೆ ನಾವು ಬಹಳ ಋಣಿಗಳು, ಆದರೆ ಇಡೀ ಗ್ರೀನ್‌ಲೆಂಡಿನಷ್ಟು ಋಣಿಗಳಲ್ಲ ಎಂಬರ್ಥದ ಮಾತನ್ನು ಡೆನ್ಮಾರ್ಕಿನ ವಿದೇಶಾಂಗ ಸಚಿವ ಗುಸ್ತಾವ್ ರಾಸ್ಮುಸನ್ ಹೇಳಿದನಂತೆ. ಆಗ ಕೇಳಿದ್ದು ಗುಟ್ಟಾಗಿ, ಇಲ್ಲವೆಂದದ್ದೂ ಮೆತ್ತಗೆ. ಯಾರ ಮಾನವೂ ಹೋಗಲಿಲ್ಲ. 1949ರಲ್ಲಿ ನೇಟೋ ಒಡಂಬಡಿಕೆಗೆ ಡೆನ್ಮಾರ್ಕಿನ ಪರವಾಗಿ ಅಂಕಿತ ಹಾಕಿದವರು ಇದೇ ರಾಸ್ಮುಸನ್ ಮತ್ತು ಇದೇ ಕೌಫ್‌ಮನ್. 1951ರಲ್ಲಿ ಗ್ರೀನ್‌ಲೆಂಡಿನ ರಕ್ಷಣೆಗಾಗಿ ಹೊಸ ಕರಾರಾಯಿತು. ಅದರ ಪ್ರಕಾರ ಅಮೆರಿಕಕ್ಕೆ ಅಲ್ಲಿ ಬೇಕಾದ ಸೈನಿಕ ಅನುಕೂಲವೆಲ್ಲ ಬಹುಮಟ್ಟಿಗೆ ದೊರೆಯಿತು. ಶೀತಲ ಸಮರದ ಕಾಲದಲ್ಲಿ ಹತ್ತಕ್ಕೂ ಹೆಚ್ಚು ಠಾಣೆಗಳಿದ್ದವು. ತಾವಾಗಿಯೇ ಮುಚ್ಚುತ್ತ ಬಂದು ಒಂದೇ ಒಂದನ್ನು ಉಳಿಸಿಕೊಂಡವರು ಅಮೆರಿಕದವರೇ. ಉತ್ತರ ತುದಿಯ ಆ ಠಾಣೆಯನ್ನು ಬಹುಕಾಲ ತೂಲೆ ಎನ್ನುತ್ತಿದ್ದರು. 2023ರಲ್ಲಿ ಪಿಟುಫಿಕ್ ಎಂದು ಹೆಸರಾಯಿತು.

ಡೇನರೇನೂ ಅಪ್ಪಟ ಚಿನ್ನವಲ್ಲ. ತೂಲೆ ಠಾಣೆಗೆ ಜಾಗ ಬೇಕೆಂದು 1953ರಲ್ಲಿ ಅಲ್ಲಿನ ಬೇಟೆಗಾರ ಕುಟುಂಬಗಳನ್ನು, ನೂರಕ್ಕೂ ಹೆಚ್ಚು ಜನರನ್ನು, ಕೆಲವೇ ದಿನಗಳ ಗಡುವು ಕೊಟ್ಟು ಎಬ್ಬಿಸಿದರು. 1957ರಲ್ಲಿ ತಮ್ಮ ನೆಲದಲ್ಲಿ ಅಣುಬಾಂಬು ಕೂಡದು ಎಂದು ಊರಿಗೆಲ್ಲ ಸಾರಿದ ಪ್ರಧಾನಿಯೇ, ಗ್ರೀನ್‌ಲೆಂಡಿನಲ್ಲಿ ಇಟ್ಟರೆ ನಾವು ಕೇಳಲು ಬರುವುದಿಲ್ಲ ಎಂಬಂತೆ ಅಮೆರಿಕಕ್ಕೆ ಮೌನಸಮ್ಮತಿ ಕೊಟ್ಟಿದ್ದ. 1968ರ ಜನವರಿಯಲ್ಲಿ ನಾಲ್ಕು ಹೈಡ್ರೋಜನ್ ಬಾಂಬುಗಳನ್ನು ಹೊತ್ತ ವಿಮಾನವೊಂದು ತೂಲೆಯ ಬಳಿ ಹಿಮದ ಮೇಲೆ ಬಿದ್ದು ಉರಿಯಿತು. ಆ ಮೌನಸಮ್ಮತಿಯ ಗುಟ್ಟು ಜನಕ್ಕೆ ತಿಳಿದದ್ದು 1995ರಲ್ಲಿ. ಅರವತ್ತು ಎಪ್ಪತ್ತರ ದಶಕಗಳಲ್ಲಿ ಗ್ರೀನ್‌ಲೆಂಡಿನ ಸಾವಿರಾರು ಹೆಂಗಸರಿಗೆ, ಹುಡುಗಿಯರಿಗೆ, ಅವರ ಒಪ್ಪಿಗೆಯಿಲ್ಲದೆ ಗರ್ಭನಿರೋಧಕ ಅಳವಡಿಸಿದ ಪಾಪಕ್ಕೆ ಪ್ರಧಾನಿ ಮೆಟೆ ಫ್ರೆಡರಿಕ್ಸನ್ 2025ರಲ್ಲಿ ಕ್ಷಮೆ ಕೇಳಿದರು. ಅಮೆರಿಕದ ಮುಂದೆ ಚಿಕ್ಕದಾದ ದೇಶ ಗ್ರೀನ್‌ಲೆಂಡಿನ ಮುಂದೆ ದೊಡ್ಡದಾಗಿತ್ತು. ಚಿಕ್ಕವನ ಸಂಕಟ ಅರ್ಥವಾಗಲು ಅದಕ್ಕೂ ತಾನು ಚಿಕ್ಕದಾಗಿ ನಿಲ್ಲುವ ಸರದಿ ಬರಬೇಕಾಯಿತೋ ಏನೋ.

ಆದರೂ ದೊಡ್ಡ ಮಿತ್ರನ ವಿಷಯದಲ್ಲಿ ಡೇನರು ಲೆಕ್ಕ ಇಡಲಿಲ್ಲ. ಒಬ್ಬರ ಮೇಲೆ ಬಿದ್ದ ಏಟು ಎಲ್ಲರ ಮೇಲೆ ಬಿದ್ದಂತೆ ಎಂಬ ನೇಟೋದ ಐದನೆಯ ವಿಧಿ ಬಳಕೆಗೆ ಬಂದದ್ದು ಒಂದೇ ಸಲ. 2001ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕಿನ ಗೋಪುರಗಳು ಉರುಳಿದ ಮರುದಿನ. ರಷ್ಯದ ಭಯಕ್ಕೆಂದು ಅಮೆರಿಕ ಯೂರೋಪಿಗೆ ಹಿಡಿದ ಕೊಡೆಯನ್ನು ಕಡೆಗೆ ಯೂರೋಪು ಅಮೆರಿಕಕ್ಕೆ ಹಿಡಿಯಬೇಕಾಯಿತು. ಆಗ ಅರವತ್ತು ಲಕ್ಷ ಜನವೂ ತುಂಬದಿದ್ದ ಡೆನ್ಮಾರ್ಕು ಅಫ್ಘಾನಿಸ್ತಾನದ ಹೆಲ್ಮಂಡಿಗೆ ಹುಡುಗರನ್ನು ಕಳಿಸಿ, ನಲವತ್ತಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಜನಸಂಖ್ಯೆಯ ಲೆಕ್ಕದಲ್ಲಿ ನೋಡಿದರೆ ಆ ನಷ್ಟ ಅತಿ ಹೆಚ್ಚಾದವುಗಳಲ್ಲಿ ಒಂದು. 2003ರಲ್ಲಿ ಇರಾಕಿನ ಯುದ್ಧಕ್ಕೆ ಫ್ರಾನ್ಸು, ಜರ್ಮನಿಗಳು ಬೆನ್ನು ತಿರುಗಿಸಿದಾಗ ಕೂಡ ಡೆನ್ಮಾರ್ಕು ಅಮೆರಿಕದ ಜೊತೆಗೇ ನಡೆಯಿತು. ಅದು ಸರಿಯೋ ತಪ್ಪೋ ಬೇರೆ ಮಾತು. ನೆಂಟಸ್ತಿಕೆಯಲ್ಲಿ ಕೆಲವು ಸಲ ತಪ್ಪೆಂದು ಗೊತ್ತಿದ್ದೂ ಜೊತೆಗೆ ನಡೆಯುತ್ತೇವಲ್ಲ, ಹಾಗೆ.

2019ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಗ್ರೀನ್‌ಲೆಂಡನ್ನು ಕೊಳ್ಳುವ ಮಾತು ತೆಗೆದರು. ಅದು ಅಸಂಬದ್ಧ ಮಾತು ಎಂದರು ಫ್ರೆಡರಿಕ್ಸನ್. ರಾಣಿಯ ಆಹ್ವಾನದ ಮೇಲೆ ಕೋಪನ್‌ಹೇಗನ್ನಿಗೆ ಬರಬೇಕಾಗಿದ್ದ ಅಧ್ಯಕ್ಷರು ಬರುವುದನ್ನೇ ರದ್ದುಮಾಡಿದರು. ಆಗ ಲೋಕ ನಕ್ಕು ಸುಮ್ಮನಾಯಿತು. 2025ರ ಜನವರಿ 7ರಂದು ಮತ್ತೆ ಅದೇ ಮಾತು ಬಂದಾಗ ನಗು ಬರಲಿಲ್ಲ. ಗ್ರೀನ್‌ಲೆಂಡಿಗಾಗಿ ಸೈನ್ಯಬಲವನ್ನಾಗಲಿ ಹಣದ ಒತ್ತಡವನ್ನಾಗಲಿ ಬಳಸುವುದಿಲ್ಲವೆಂದು ಮಾತು ಕೊಡುವಿರಾ ಎಂದು ಪತ್ರಕರ್ತರು ಕೇಳಿದರು. ಕೊಡಲಾರೆ ಎಂದರು ಟ್ರಂಪ್. ಆ ತಿಂಗಳು ಗ್ರೀನ್‌ಲೆಂಡಿನಲ್ಲಿ ನಡೆದ ಅಭಿಪ್ರಾಯ ಸಮೀಕ್ಷೆಯೊಂದರಲ್ಲಿ ನೂರಕ್ಕೆ 85 ಜನ ಅಮೆರಿಕಕ್ಕೆ ಸೇರುವುದು ಬೇಡ ಎಂದರು. ಅವರಿಗೆ 1979ರಿಂದ ತಮ್ಮದೇ ಶಾಸನಸಭೆಯುಂಟು. ತಾವೇ ಬೇಕೆಂದರೆ ಸ್ವತಂತ್ರರಾಗುವ ಹಕ್ಕನ್ನು 2009ರ ಕಾನೂನು ಕೊಟ್ಟಿದೆ. ಕೋಪನ್‌ಹೇಗನ್ನು ಮನಸ್ಸು ಮಾಡಿದರೂ ಮಾರಲು ಬಾರದ ನೆಲ ಅದು.

ಅಮೆರಿಕದ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ರಷ್ಯ ಚೀಣಗಳ ಹಡಗುಗಳು ಉತ್ತರದ ಕಡಲಿಗೆ ಕಣ್ಣಿಟ್ಟಿರುವುದು ನಿಜ. ಅಷ್ಟು ದೊಡ್ಡ ನೆಲದ ಕಾವಲಿಗೆ ಡೆನ್ಮಾರ್ಕು ಬಹಳ ಕಾಲ ಕೈಬಿಚ್ಚಿ ಖರ್ಚು ಮಾಡಲಿಲ್ಲವೆಂಬುದೂ ನಿಜ. ಆದರೆ ಕಾವಲೇ ಬೇಕಾಗಿದ್ದರೆ 1951ರ ಕರಾರು ಇತ್ತಲ್ಲ! ಇನ್ನೊಂದು ಠಾಣೆ ಬೇಕೆಂದು ಕೇಳಿದ್ದರೆ ಡೇನರು ಇಲ್ಲವೆನ್ನುತ್ತಿರಲಿಲ್ಲ. ಬಳಕೆಗೆ ಸಿಕ್ಕುವುದನ್ನು ಒಡೆತನಕ್ಕೆ ಬೇಕು ಎನ್ನುವುದು ಏಕೆ?

ಈ ಪ್ರಶ್ನೆ ನನಗೆ ಹೊಸದಲ್ಲ. ನಮ್ಮ ಮನೆಯ ಜಗಲಿಯ ಮುಂದೆಯೇ ಒಮ್ಮೆ ಬಂದು ನಿಂತಿತ್ತು.

ತುಮಕೂರು ಸೀಮೆಯ ನಮ್ಮ ಹಳ್ಳಿಯಲ್ಲಿ ನಮಗಿದ್ದದ್ದು ಒಂದೂವರೆ ಎಕರೆ ಹೊಲ, ಅದರ ಮೂಲೆಯಲ್ಲೊಂದು ಬಾವಿ. ಪಕ್ಕದಲ್ಲಿ ದೊಡ್ಡಮನೆಯವರ ತೆಂಗು ಅಡಿಕೆಯ ತೋಟ. ನಮ್ಮ ಬಾವಿಯ ಸೆಲೆ ನಡುಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಅಜ್ಜನ ಕಾಲದಿಂದ ಆ ತೋಟಕ್ಕೆ ನೀರು ಹೋಗುತ್ತಿದ್ದದ್ದು ಅಲ್ಲಿಂದ. ಬರವಣಿಗೆಯೇನೂ ಇಲ್ಲ. ದೊಡ್ಡಮನೆಯ ಹಿರಿಯರೇ ಪಂಪು ಕೂರಿಸಿದರು. ಕರೆಂಟಿನ ಬಿಲ್ಲು ಅವರದು. ನಮ್ಮ ಹೊಲಕ್ಕೂ ಅದರಿಂದಲೇ ನೀರು. ಅಕ್ಕನ ಮದುವೆ ಅವರ ಹಜಾರದಲ್ಲಿ ಆಯಿತು. ಅವರಿಗೂ ದಾಯಾದಿಗಳಿಗೂ ವ್ಯಾಜ್ಯ ಬಿದ್ದಾಗ ಅಪ್ಪ ಎರಡು ವರ್ಷ ಕೋರ್ಟಿಗೆ ಸಾಕ್ಷಿ ಹೇಳಲು ಅಲೆದರು. ಬಸ್ ಚಾರ್ಜು ಕೂಡ ತೆಗೆದುಕೊಳ್ಳಲಿಲ್ಲ.

ಹಿರಿಯರು ತೀರಿಕೊಂಡರು. ಬೆಂಗಳೂರಿನಲ್ಲಿ ಓದಿದ ಮೊಮ್ಮಗ ಬಂದು ಯಜಮಾನಿಕೆ ವಹಿಸಿಕೊಂಡ. ಕೆಟ್ಟವನಲ್ಲ. ಒಂದು ಸಂಜೆ ಮೋಟಾರ್ ಸೈಕಲ್ಲಿನಿಂದ ಇಳಿಯದೆಯೇ, “ಯಜಮಾನ್ರೇ, ಆ ಬಾವಿ ಹೊಲ ನಮಗೇ ಬಿಟ್ಬಿಡಿ. ಏನು ರೇಟು ಹೇಳಿ, ಕೊಡೋಣ” ಎಂದ.

“ಅದು ಮಾರೋದಲ್ಲಪ್ಪ. ನೀರು ಹೆಂಗೂ ತಗೋತಾ ಇದ್ದೀರಲ್ಲ” ಎಂದರು ಅಪ್ಪ.

“ಇವತ್ತು ಕೊಡ್ತೀರಿ. ನಾಳೆ? ಹೆಂಗಾದ್ರೂ ಮಾಡಿ ಆ ಹೊಲ ನಮಗೆ ಬರಲೇಬೇಕು ಬಿಡಿ” ಎಂದು ನಕ್ಕು ಹೊರಟುಹೋದ.

ಅಪ್ಪ ಏನೂ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ, ಅಜ್ಜನ ಕಾಲದ ಕ್ರಯಪತ್ರವನ್ನು ಬಿಡಿಸಿ ನನ್ನ ಮುಂದೆ ಹಿಡಿದು, “ಸರ್ವೆ ನಂಬರು ಎಲ್ಲೈತೆ ಓದು” ಎಂದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಮರುದಿನ ಅವರ ಜೊತೆ ತಾಲ್ಲೂಕು ಕಚೇರಿಗೆ ಹೋದೆ. ಪಹಣಿಗೆ ಅರ್ಜಿ, ಹದ್ದುಬಸ್ತಿಗೆ ಅರ್ಜಿ. ಕಚೇರಿಯ ಜಗಲಿಯಲ್ಲಿ ಅಪ್ಪ ಕುಳಿತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸ್ವಂತ ಮಗನ ಹೆಸರನ್ನು ಬೇರೆಯವರಲ್ಲಿ ಕೇಳಿ ಬರೆಸಿಕೊಳ್ಳಲು ಬಂದವರ ಹಾಗೆ ನಾಚಿಕೊಂಡು ಕುಳಿತಿದ್ದರು.

ನೀರು ನಿಲ್ಲಲಿಲ್ಲ. ಅಪ್ಪ ಬದುಕಿರುವವರೆಗೆ ಒಂದು ದಿನವೂ ನಿಲ್ಲಲಿಲ್ಲ. ಆದರೆ ಪಂಪುಮನೆಯ ಬೀಗದ ಕೈ ನಮ್ಮ ಜಗಲಿಯ ಮೊಳೆಯಲ್ಲಿ ತೂಗುತ್ತಿತ್ತು, ದೊಡ್ಡಮನೆಯ ಆಳು ಯಾವ ಹೊತ್ತಿನಲ್ಲಾದರೂ ತೆಗೆದುಕೊಂಡು ಹೋಗುತ್ತಿದ್ದ. ಅದು ಒಳಗೆ ಹೋಯಿತು. ಕೇಳಿದರೆ ಕೊಡುತ್ತಿದ್ದರು. ಕೇಳಬೇಕಾಗಿತ್ತು, ಅಷ್ಟೆ. ಎಷ್ಟೋ ವರ್ಷದ ಮೇಲೆ ಆ ಮೊಮ್ಮಗ ಒಂದು ಮದುವೆಯಲ್ಲಿ ಸಿಕ್ಕಿ, “ಮೇಷ್ಟ್ರೇ, ನಿಮ್ಮ ತಂದೆಗೆ ನಮ್ಮ ಮೇಲೆ ಯಾಕೆ ಮುನಿಸು? ನಾನು ಬೆಲೆ ತಾನೆ ಕೇಳಿದ್ದು, ಕಿತ್ಕೊಂಡ್ನಾ?” ಎಂದ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ. ನಾನು ಊಟಕ್ಕೆ ಎಲೆ ಹಾಕಿದ್ದಾರೆ, ಏಳಿ ಎಂದೆ.

ಡೇನರು ಕೂಡ ಕೂಗಾಡಲಿಲ್ಲ, ಪೆಟ್ಟಿಗೆ ಇಳಿಸಿದರು. ಅವರ ಯುದ್ಧವಿಮಾನಗಳು ಅಮೆರಿಕದ ಎಫ್-35. ಅವನ್ನು ಆರಿಸಿದವರಲ್ಲಿ ತಾನೂ ಒಬ್ಬ, ಆ ಬಗ್ಗೆ ಈಗ ಪಶ್ಚಾತ್ತಾಪವಾಗುತ್ತಿದೆ ಎಂದು ಸಂಸತ್ತಿನ ರಕ್ಷಣಾ ಸಮಿತಿಯ ಅಧ್ಯಕ್ಷರು 2025ರ ಮಾರ್ಚಿನಲ್ಲಿ ಬಹಿರಂಗವಾಗಿ ಹೇಳಿದರು. ಕೊಟ್ಟವನೇ ಮುನಿದು ಬಿಡಿಭಾಗ ಕೊಡದಿದ್ದರೆ ಗತಿಯೇನು ಎಂಬ ಪ್ರಶ್ನೆ ಹಿಂದಿನ ವರ್ಷ ಯಾರಿಗೂ ಹೊಳೆದಿರಲಿಲ್ಲ. ಸೆಪ್ಟೆಂಬರಿನಲ್ಲಿ ಆಕಾಶರಕ್ಷಣೆಯ ಕ್ಷಿಪಣಿಗಳನ್ನು ಆರಿಸುವ ಸಂದರ್ಭ ಬಂದಾಗ ಅಮೆರಿಕದ ಪೇಟ್ರಿಯಟ್ ಬಿಟ್ಟು ಫ್ರಾನ್ಸು ಇಟಲಿಗಳು ಕೂಡಿ ಮಾಡಿದ್ದನ್ನು ಆರಿಸಿದರು. ಅದೂ ಒಂದು ಕರೀ ನಕ್ಷತ್ರ, ಕೊಂಚ ದೊಡ್ಡದು.

ಇವೆಲ್ಲದರ ನಡುವೆ ನನ್ನನ್ನು ಬಹಳವಾಗಿ ಕಾಡಿದ್ದು ಜೂನ್ ತಿಂಗಳ ಒಂದು ಸುದ್ದಿ. ಡೆನ್ಮಾರ್ಕಿನ ನೆಲದ ವಿಮಾನನಿಲ್ದಾಣಗಳಲ್ಲಿ ಅಮೆರಿಕದ ಸೈನಿಕರು ತಂಗಲು ಅನುಮತಿ ಕೊಡುವ ಕರಾರೊಂದು 2023ರಲ್ಲೇ ಆಗಿತ್ತು. 2025ರ ಜೂನ್ 11ರಂದು ಅದು ಸಂಸತ್ತಿನ ಮುಂದೆ ಬಂತು. ಈಗ ತಿರಸ್ಕರಿಸುತ್ತಾರೆ ಎಂದುಕೊಂಡೆ. ಇಲ್ಲ, ಭಾರಿ ಬಹುಮತದಿಂದ ಒಪ್ಪಿದರು. ಜೊತೆಗೆ ವಿದೇಶಾಂಗ ಸಚಿವರು ಒಂದು ಮಾತು ಸೇರಿಸಿದರು: ಗ್ರೀನ್‌ಲೆಂಡನ್ನು ಪೂರ್ತಿಯಾಗಿಯೋ ಭಾಗಶಃವೋ ವಶಪಡಿಸಿಕೊಳ್ಳಲು ಅಮೆರಿಕ ಹೊರಟರೆ ಡೆನ್ಮಾರ್ಕು ಈ ಕರಾರನ್ನು ರದ್ದು ಮಾಡಬಲ್ಲದು. ರಷ್ಯದ ಭಯ ಇದ್ದೇ ಇದೆ, ಅಮೆರಿಕವಿಲ್ಲದೆ ಆಗದು. ನೀರು ನಿಲ್ಲಲಿಲ್ಲ. ಕೌಫ್‌ಮನ್ ತನ್ನ ಕೈಬರಹದ ಆಧಾರದ ಮೇಲೆ ಇಡೀ ದ್ವೀಪದ ಬಾಗಿಲು ತೆರೆದ. ಎಂಬತ್ತನಾಲ್ಕು ವರ್ಷದ ಮೇಲೆ ಅವನ ದೇಶ ಬಾಗಿಲು ತೆರೆಯುವ ಮೊದಲು ಮುಚ್ಚುವ ಷರತ್ತನ್ನು ಓದಿ ನೋಡಿಕೊಂಡಿತು.

ಜುಲೈಯಲ್ಲಿ ಅಕ್ಕನ ಮಗಳು ಮತ್ತೆ ಫೋನು ಮಾಡಿದಾಗ ಪಕ್ಕದ ಮನೆಯ ಆಕೆಯ ಸಮಾಚಾರ ಕೇಳಿದೆ. ನಾಲ್ಕನೆಯ ತಾರೀಕು ಊರಿನಲ್ಲೇ ಇದ್ದರಂತೆ, ಗುಲಾಬಿ ಗಿಡ ಕತ್ತರಿಸುತ್ತಿದ್ದರಂತೆ. ಅವರ ಊಟದ ಮೇಜಿನ ಮೇಲೆ ಸಣ್ಣ ಕಂಬದಲ್ಲಿ ಎರಡು ಬಾವುಟಗಳಿರುತ್ತಿದ್ದವು, ಒಂದು ತಮ್ಮದು, ಒಂದು ಅಣ್ಣನ ದೇಶದ್ದು. ಈಗ ಒಂದೇ ಇದೆ ಎಂದಳು.

“ಇನ್ನೊಂದನ್ನ ಬಿಸಾಡಿದರೇನೇ?”

“ಇಲ್ಲ ಮಾವ. ಇಸ್ತ್ರಿ ಮಾಡಿ, ಮಡಿಸಿ, ಬೀರುವಿನಲ್ಲಿ ಇಟ್ಟಿದಾರೆ. ನಾನೇ ನೋಡಿದೆ.”